ಬ್ಯುರೆಟ್ಟಿಗೆ ಸಲಾಂ

ಕುಷ್ಟಗಿಯ ಆ ಪಿಯು ಕಾಲೇಜಿನಲ್ಲಿ ಪ್ರಿನ್ಸಿಪಾಲರ ಮಾತು ಮೀರಿದವರಿದ್ದಾರೆ, ಕೆಮಿಸ್ಟ್ರಿಯ ಕೊಟ್ರಪ್ಪ ಸರ್ ಮಾತು ಮೀರಿದವರಿಲ್ಲ. ಅವರ ಲ್ಯಾಬಿನಲ್ಲಿ ಚಷ್ಮಾ ಹಾಕದೆ ಆಸಿಡ್ ಬಾಟಲಿ ಮುಟ್ಟುವಂತಿಲ್ಲ, ಜಡೆ ಇಳಿಬಿಟ್ಟುಕೊಂಡು ಬರ್ನರ್ ಹತ್ತಿರ ಸುಳಿಯುವಂತಿಲ್ಲ. ಕೂರುವುದಂತೂ ದೂರದ ಮಾತು. "ಆಸಿಡ್ ಚೆಲ್ಲಿದ್ರ ನಿಂತಾಂವ ಹಿಂದ ಜಿಗೀತಾನ, ಕುಂತಾಂವ ಉಡ್ಯಾಗ ಹಿಡೀತಾನ" ಎಂಬುದು ಅವರೇ ಕಟ್ಟಿದ ಗಾದೆ. ಹಾಗಾಗಿ ಆ ಲ್ಯಾಬಿನಲ್ಲಿ ಒಂದು ಸ್ಟೂಲೂ ಇಲ್ಲ. ನೌಕರಿಗೆ ಸೇರಿದಂದಿನಿಂದ ಅವರೂ ಅಲ್ಲಿ ಕೂತವರಲ್ಲ.

ಮುಬಾಶಿರಾ ಅಲ್ಲಿಯೇ ಕಲಿತವಳು. ಈಗ ಅಲ್ಲಿಯೇ ಲೆಕ್ಚರರ್ ಆಗಿ ಬಂದು ವರ್ಷವಾಗಿತ್ತು. ಹುಡುಗಿಯಾಗಿದ್ದಾಗ ಒಮ್ಮೆ ನಿಂತಲ್ಲಿಂದಲೇ ಬ್ಯುರೆಟ್ಟಿನ, ಅಂದರೆ ದ್ರಾವಣ ಅಳೆಯುವ ಗಾಜಿನ ಕೊಳವೆಯ, ಗೆರೆ ಓದಿ ಸಿಕ್ಕಿಬಿದ್ದಿದ್ದಳು. "ನಿನ್ನ ಕಣ್ಣು, ಒಳಗಿನ ಮಟ್ಟ ಎರಡೂ ಒಂದ ಸಾಲಿನ್ಯಾಗ ಬರಬೇಕವ್ವಾ. ಮ್ಯಾಲಿಂದ ನೋಡಿದ್ರ ಗಾಜು ಸುಳ್ಳು ಹೇಳತೈತಿ. ಬಗ್ಗು, ಬ್ಯುರೆಟ್ಟಿಗೆ ಸಲಾಂ ಹೊಡಿ" ಎಂದಿದ್ದರು ಸರ್. ಅವಳು ನಗುತ್ತ ಬಗ್ಗಿದಾಗ, ಗೆರೆ ಚೆನ್ನಾಗಿ ಕಾಣಲೆಂದು ಕೊಳವೆಯ ಹಿಂದೆ ತಾವೇ ಬಿಳಿ ಹಾಳೆ ಹಿಡಿದಿದ್ದರು. ಆ ಹಾಳೆ ಹಿಡಿದ ಕೈಯ ಮೇಲೆ ಅವಳಿಗೆ ಇಂದಿಗೂ ಅಪ್ಪನ ಮೇಲಿರುವಷ್ಟೇ ಪ್ರೀತಿ.

ಅಂಥ ಲ್ಯಾಬಿನಲ್ಲಿ ಈ ಸಲ ಒಬ್ಬ ಹುಡುಗನೂ ಬಗ್ಗುತ್ತಿರಲಿಲ್ಲ. ಎಲ್ಲರೂ ಗೂಟದ ಹಾಗೆ ನೆಟ್ಟಗೆ ನಿಂತು ಗೆರೆ ಓದುತ್ತಿದ್ದರು. ಮುಬಾಶಿರಾಗೆ ಸಿಟ್ಟು ಬಂದು, ಎಲ್ಲರಿಗಿಂತ ಜಾಣೆಯಾದ ಭವಾನಿಯನ್ನೇ ಹಿಡಿದು ಕೇಳಿದಳು.

"ನೀನೂ ಯಾಕ ಬಗ್ಗವಲ್ಲಿ?"

ಭವಾನಿ ಅತ್ತಿತ್ತ ನೋಡಿ ದನಿ ಇಳಿಸಿದಳು. "ಬಗ್ಗಿ ಓದಿದ್ರ ಮಾರ್ಕ್ಸ್ ಹೋಗ್ತಾವ್ರಿ ಮಿಸ್. ಸರ್ ನಿಂತ ಓದ್ತಾರ. ಅವರ ರೀಡಿಂಗಿಗೆ ನಮ್ದು ಕೂಡಬೇಕಲ್ರಿ."

ಮುಬಾಶಿರಾ ಅಂದಿನಿಂದ ಸರ್ ಕಡೆ ಕಣ್ಣಿಟ್ಟಳು. ಆರಡಿ ಆಳು ಅವರು. ಕಳೆದ ಮಳೆಗಾಲದಿಂದ ಮೊಣಕಾಲು ಕೈಕೊಟ್ಟಿತ್ತು. ಬ್ಯುರೆಟ್ಟಿನ ಸೊನ್ನೆ ಮೇಲುಗಡೆ ಇರುವುದರಿಂದ ಅದು ಅವರ ಕಣ್ಣಿಗೆ ನೇರ. ದ್ರಾವಣ ಇಪ್ಪತ್ತರ ಗೆರೆಗೆ ಇಳಿದಾಗ ಬಗ್ಗಲೇಬೇಕು, ಅವರಿಗೆ ಆಗುತ್ತಿರಲಿಲ್ಲ. ಮೇಜಿಗೆ ಕೈಯೂರಿ ಮೇಲಿನಿಂದಲೇ ಇಣುಕಿ, ಇರುವುದಕ್ಕಿಂತ ಕಡಿಮೆ ಬರೆದುಕೊಳ್ಳುತ್ತಿದ್ದರು. ಮುಂದಿನ ವಾರ ಪರೀಕ್ಷೆಗೆ ಹೊರಗಿನ ಪರೀಕ್ಷಕರು ಬರುವವರಿದ್ದರು. ಆ ಪರೀಕ್ಷಕರ ಮೊಣಕಾಲು ಗಟ್ಟಿ ಇದ್ದು, ಬಗ್ಗಿ ಓದಿದರೆ ಇಡೀ ಬ್ಯಾಚಿನ ಮಾರ್ಕ್ಸ್ ಮಣ್ಣುಪಾಲು.

ಹೇಳಬೇಕು, ಸರಿ. ಆದರೆ ಗುರುವಿಗೇ ತಿರುಮಂತ್ರ ಹಾಕುವುದು ಹೇಗೆ? ಬೇಸಿಗೆಗೆ ನಿವೃತ್ತಿಯಾಗುವ ಮನುಷ್ಯ, ಇಡೀ ತಾಲ್ಲೂಕಿಗೆ ಬಗ್ಗುವುದನ್ನು ಕಲಿಸಿದವರು. ಅವಳು ಎರಡು ದಿನ ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದುಕೊಂಡು, ಸಂಜೆ ಹುಡುಗರು ಹೋದ ಮೇಲೆ ತಾನೇ ಬ್ಯುರೆಟ್ಟಿಗೆ ಕಡುನೇರಳೆ ಪರ್ಮಾಂಗನೇಟ್ ತುಂಬಿ, ಕೆಳಗಿನ ಫ್ಲಾಸ್ಕು ತಿಳಿಗುಲಾಬಿ ಆಗುವವರೆಗೆ ಹನಿ ಬಿಟ್ಟು, ಸರ್ ಅವರನ್ನು ಕರೆದಳು.

"ಸರ್, ನಂದು ಯಾಕೋ ಕೂಡವಲ್ದು. ಇಪ್ಪತ್ತು ಪಾಯಿಂಟ್ ನಾಲ್ಕು ಬರಾಕತ್ತೈತಿ."

ಕೊಟ್ರಪ್ಪ ಸರ್ ನಿಂತು ಇಣುಕಿದರು. "ಇಪ್ಪತ್ತು ಪಾಯಿಂಟ್ ಒಂದು ಐತಲ್ಲ. ಮ್ಯಾಲಿಂದ ನೋಡಿರಬೇಕು ನೀ."

"ಬಗ್ಗೇ ನೋಡೀನಿ, ಸರ್."

ಅವರು ಮೇಜಿನ ಅಂಚು ಹಿಡಿದು ಬಗ್ಗಲು ಹೋದರು. ಅರ್ಧಕ್ಕಿಂತ ಕೆಳಗೆ ಹೋಗಲು ಮೊಣಕಾಲು ಬಿಡಲಿಲ್ಲ. ಅವಳು ಚಾಚಿದ ಕೈಯನ್ನು ಹಿಡಿಯದೆ, ಹಾಗೇ ಮೆಲ್ಲಗೆ ನೆಟ್ಟಗಾದರು.

"ಹುಡುಗ್ರು?" ಎಂದರು.

"ನಿಮ್ಮಂಗ ನಿಂತು ಓದೂದು ಕಲ್ತಾರ, ಸರ್." ಅಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿತು.

"ಯಾವಾಗಿಂದ ಗೊತ್ತೈತಿ ನಿನಗ?"

"ಮೊನ್ನಿಂದ."

"ಮೊನ್ನೆ ಹೇಳಬೇಕಿಲ್ಲೇನು? ಹುಡುಗ್ರ ಪರೀಕ್ಷಾಕ್ಕಿಂತ ನನ್ನ ಮರ್ಯಾದಿ ದೊಡ್ಡದೇನು?" ಎಂದು ಬೈದರು. ಆ ಬೈಗುಳದಿಂದ ಅವಳಿಗೆ ಹೋದ ಜೀವ ಬಂದಂತಾಯಿತು.

"ಹೊರಗೊಂದು ಸ್ಟೂಲ್ ತಂದಿಟ್ಟೀನಿ, ಸರ್. ಕುಂತು ನೋಡಿದ್ರ ಮಟ್ಟ ನೇರ ಬರತೈತಿ. ನಿಮ್ಮೊಬ್ಬರಿಗಷ್ಟ."

"ನಾ ಕೊಟ್ರಪ್ಪ ಅಂತ ಆಸಿಡ್ಡಿಗೆ ಗೊತ್ತೈತೇನು?" ಎಂದು ಅವರು ಬಾಗಿಲ ಕಡೆ ಹೊರಟುಬಿಟ್ಟರು. ಮರುದಿನ ಅವರು ಬರುತ್ತಾರೋ ಇಲ್ಲವೋ ಎಂದು ಅವಳು ರಾತ್ರಿಯೆಲ್ಲ ಹೊರಳಾಡಿದಳು.

ಎಂದಿನ ಹೊತ್ತಿಗೇ ಬಂದರು. ಎಲ್ಲರ ಮುಂದೆ ನಿಂತು, ಪಾಠ ಹೇಳುವ ದನಿಯಲ್ಲೇ ಹೇಳಿದರು: "ಇಷ್ಟು ದಿನ ನಾ ನಿಂತು ಓದಿ ತಪ್ಪು ಬರದೀನಿ. ಮೊದಮೊದ್ಲು ಬಗ್ಗಿ ಓದಿದವ್ರ ಲೆಕ್ಕ ಖರೇ ಇತ್ತು. ಅವ್ರ ಮಾರ್ಕ್ಸ್ ತಿದ್ದೀನಿ." ಹುಡುಗರು ಮುಖ ಮುಖ ನೋಡಿಕೊಂಡರು. ಭವಾನಿ ತಲೆ ತಗ್ಗಿಸಿದಳು.

"ಮುಬಾಶಿರಾ ಮಿಸ್, ಬರ್ರಿ ಇಲ್ಲೆ."

ಅವರ ಬಾಯಲ್ಲಿ ತನಗೆ ಗೌರವದ 'ರಿ' ಬಂದದ್ದನ್ನು ಅವಳು ಅದೇ ಮೊದಲು ಕೇಳಿದ್ದು. ಗಡಬಡಿಸಿ ಬಂದು, ಕೊನೆಯ ಹನಿ ಬಿಟ್ಟು, ಬಗ್ಗಲು ಹೋದಳು.

"ಚಷ್ಮಾ" ಎಂದರು ಸರ್.

ಹಣೆಯ ಮೇಲೇ ಉಳಿದಿತ್ತು ಅದು. ಕಣ್ಣಿಗೆ ಇಳಿಸಿಕೊಂಡು ಬಗ್ಗಿದಳು. ಕೊಳವೆಯ ಹಿಂದೆ ಬಿಳಿ ಹಾಳೆ ಬಂದು ನಿಂತಿತು. ಹಿಡಿದದ್ದು ಅಂದಿನ ಅದೇ ಕೈ. ನೇರಳೆಯ ಮೇಲಂಚು ಗೆರೆಗೆ ಸರಿಯಾಗಿ ಕೂತಿರುವುದು ಅವಳಿಗೆ ಸ್ಪಷ್ಟವಾಗಿ ಕಂಡಿತು.

"ಎಷ್ಟೈತಿ?"

"ಇಪ್ಪತ್ತು ಪಾಯಿಂಟ್ ನಾಲ್ಕು, ಸರ್."

ತಮ್ಮ ಕಣ್ಣಾರೆ ನೋಡದೆ ಇನ್ನೊಬ್ಬರ ರೀಡಿಂಗನ್ನು ಅವರು ಯಾವತ್ತೂ ಒಪ್ಪಿದವರಲ್ಲ. ಕೊಟ್ರಪ್ಪ ಸರ್ ಬ್ಯುರೆಟ್ಟಿನ ಕಡೆ ನೋಡಲಿಲ್ಲ. ಹಾಳೆಯನ್ನು ಮೇಜಿನ ಮೇಲಿಟ್ಟು, ಜೇಬಿನಿಂದ ಪೆನ್ನು ತೆಗೆದು, ಅವಳು ಹೇಳಿದ್ದನ್ನೇ ಬರೆದುಕೊಂಡರು.