ಮೂರನೇ ಸಲ ಬಂದ ನಾಣ್ಯ

ಬೆಳಗ್ಗೆ ಹತ್ತೂಕಾಲಿಗೆ ತಟ್ಟೆಯಲ್ಲಿ ಬಂದ ಬೆಳ್ಳಿ ನಾಣ್ಯಕ್ಕೆ ಮಾವ ಅರವತ್ತೈದು ಅಂಕ ಕೊಟ್ಟರು. ನಾಣ್ಯಗಳನ್ನು ಪರೀಕ್ಷಿಸಿ ಅಂಕ ಕೊಡುವ ಆ ಕಚೇರಿಯಲ್ಲಿ ಎಲ್ಲರಿಗೂ ಅವರು ಮಾವನೇ. ಮಾಲೀಕ ಅವರ ಅಕ್ಕನ ಮಗ; ಅವನು ಕರೆದದ್ದೇ ಎಲ್ಲರ ಬಾಯಲ್ಲೂ ನಿಂತುಬಿಟ್ಟಿತ್ತು.

ಚಲಾವಣೆಗೆ ಹೋಗದೆ ಉಳಿದ ಹಳೆಯ ನಾಣ್ಯಗಳಿಗೆ ಅರವತ್ತರಿಂದ ಎಪ್ಪತ್ತರವರೆಗೆ ಅಂಕ. ಒಂದೇ ಅಂಕ ಏರಿದರೂ ಬೆಲೆ ದುಪ್ಪಟ್ಟಾಗುವುದುಂಟು. ಅದಕ್ಕೇ ತಟ್ಟೆಯ ಮೇಲೆ ಯಜಮಾನನ ಹೆಸರಿರುವುದಿಲ್ಲ, ಬರೀ ಸಂಖ್ಯೆ. ನಾಣ್ಯದ ಅಂಚನ್ನು ಎರಡು ಬೆರಳಲ್ಲಿ ಹಿಡಿದು ದೀಪದ ಕೆಳಗೆ ಮೆಲ್ಲಗೆ ವಾಲಿಸಿದರೆ, ಟಂಕಿಸಿದ ದಿನದ ಹೊಳಪು ಗಾಡಿಚಕ್ರದ ಅರಗಳಂತೆ ಮುಖದ ಮೇಲೆ ಸುತ್ತಬೇಕು. ಎಲ್ಲಿ ಅದು ಮುಗ್ಗರಿಸುತ್ತದೋ ಅಲ್ಲಿ ಯಾರೋ ಕೈಯಾಡಿಸಿದ್ದಾರೆ; ಒರೆಸಿದ ನಾಣ್ಯಕ್ಕೆ ಅಂಕವೇ ಇಲ್ಲ. ಮೂವತ್ತೆರಡು ವರ್ಷ ಮಾವ ಮಾಡಿದ್ದು ಇಷ್ಟೇ: ವಾಲಿಸುವುದು, ನೋಡುವುದು, ಬರೆಯುವುದು. ಕೊನೆಯ ಅಂಕ ಅವರದು.

ಮಧ್ಯಾಹ್ನ ಅದೇ ನಾಣ್ಯ ಬೇರೆ ಸಂಖ್ಯೆಯ ತಟ್ಟೆಯಲ್ಲಿ ಬಂತು. ಅದರ ಮೇಲೆ ಅಚ್ಚಾದ ರಾಣಿಯ ಕಿವಿಯ ಕೆಳಗೆ ಎಳ್ಳಿನಷ್ಟು ಕಂದು ಮಚ್ಚೆ. ಗುರುತು ಹತ್ತದೇ ಇರುತ್ತದೆಯೇ? ಮಾವನಿಗೆ ನಗು ಬಂತು. ಒಂದೆರಡು ತಿಂಗಳಿಂದ ಅಕ್ಕನ ಮಗ ಒಂದೇ ರಾಗ ಎಳೆಯುತ್ತಿದ್ದ.

“ಅರವತ್ತೆಂಟಾಯ್ತಲ್ಲ ಮಾವ ನಿಮಗೆ.”

“ಒಳ್ಳೇ ಅಂಕಾನೇ ಬಿಡೋ. ಬೆಲೆ ಮಾತ್ರ ಏರಲಿಲ್ಲ,” ಎಂದು ಅವರು ತಮಾಷೆ ಮಾಡಿದ್ದರು. ತಮಾಷೆ ಅವನಿಗೆ ತಾಗಿರಲಿಲ್ಲ. ಈಗ ಪರೀಕ್ಷೆ ನಡೆಸುತ್ತಿದ್ದಾನೆ, ನಡೆಸಲಿ. ನಾಣ್ಯವನ್ನು ಹೊಸದೆಂಬಂತೆ ನೋಡಿ ಮತ್ತೆ ಅರವತ್ತೈದೇ ಬರೆದರು.

ಸಂಜೆ ನಾಲ್ಕೂವರೆಗೆ ಅದು ಮೂರನೇ ಸಲ ಬಂತು. ವಾಲಿಸಿದರು. ಹೊಳಪು ರಾಣಿಯ ಹಣೆಯಿಂದ ಇಳಿದು ಕೆನ್ನೆಗೆ ಬಂದು ನಿಂತಿತು. ಭೂತಗನ್ನಡಿ ಹಿಡಿದರು: ಕೆನ್ನೆಯ ಮೇಲೆ ಅಡ್ಡಕ್ಕೆ ಹತ್ತಾರು ಕೂದಲೆಳೆ ಗೀರುಗಳು, ಎಲ್ಲವೂ ಒಂದೇ ದಿಕ್ಕಿಗೆ. ಹೊಸಬೆಳ್ಳಿಯ ಬಿಳುಪು.

ಅರವತ್ತೈದು ಎಂದು ಬರೆದರೆ ಪರೀಕ್ಷೆಯಲ್ಲಿ ಪಾಸು. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಭೂತಗನ್ನಡಿ ಕೆಳಗಿಟ್ಟು ಪೆನ್ನು ತೆಗೆದುಕೊಂಡರು. ಆಮೇಲೆ ಬರೆದರು: ‘ಅಂಕವಿಲ್ಲ. ಒರೆಸಲಾಗಿದೆ.’

ಐದು ನಿಮಿಷಕ್ಕೆ ಒಳಗಿಂದ ಕರೆ ಬಂತು. ಅಕ್ಕನ ಮಗ ಮೂರು ಚೀಟಿಗಳನ್ನು ಮೇಜಿನ ಮೇಲೆ ಇಸ್ಪೀಟೆಲೆಯ ಹಾಗೆ ಹರಡಿದ್ದ.

“ಒಂದೇ ನಾಣ್ಯ ಮಾವ. ಎರಡು ಸಲ ಅರವತ್ತೈದು, ಈಗ ನೋಡಿದ್ರೆ ಅಂಕಾನೇ ಇಲ್ಲ. ಕಣ್ಣು ಕೈಕೊಡ್ತಿದೆ ಅಂದ್ರೆ ನೀವು ಒಪ್ಪಲ್ಲ.”

“ಒಂದೇ ಅಂತ ಮಧ್ಯಾಹ್ನವೇ ಗೊತ್ತಾಯ್ತು ಕಣೋ. ಆಮೇಲೆ ಅದನ್ನ ಯಾರೋ ಒರೆಸಿದ್ದಾರೆ. ಕೆನ್ನೆ ಮೇಲೆ, ಎಡದಿಂದ ಬಲಕ್ಕೆ.”

ಅವನು ಕನ್ನಡಕ ತೆಗೆದ, ಮತ್ತೆ ಹಾಕಿಕೊಂಡ. “ತಟ್ಟೆ ಬದಲಾಯಿಸೋವಾಗ ಬೆರಳಚ್ಚು ಬಿತ್ತು,” ಎಂದ, ದನಿ ತಗ್ಗಿಸಿ. “ಕನ್ನಡಕದ ಬಟ್ಟೆ ಮಾವ. ತುಂಬ ಮೆತ್ತಗಿರತ್ತೆ.”

“ಬಟ್ಟೆ ಮೆತ್ತಗಿದ್ರೆ ಧೂಳೂ ಮೆತ್ತಗಿರುತ್ತಾ? ನಿನಗೆ ಹೇಳಿಕೊಟ್ಟ ಮೊದಲ ಪಾಠ ಅದು.”

ಅವನು ಎದ್ದು ಬಾಗಿಲು ಮುಚ್ಚಿ ಬಂದ. “ನಾವೇ ಹಾಳುಮಾಡಿದ್ವಿ ಅಂತ ಗೊತ್ತಾದ್ರೆ ನಾಳೆಯಿಂದ ಒಬ್ಬ ಗಿರಾಕೀನೂ ಈ ಕಡೆ ತಲೆಹಾಕಲ್ಲ. ಅರವತ್ತೈದು ಅಂತ ಬರೆದುಬಿಡಿ. ಪರೀಕ್ಷೆ ಗಿರೀಕ್ಷೆ ಏನೂ ನಡೀಲಿಲ್ಲ. ಕುರ್ಚಿ ನಿಮ್ಮದೇ, ಸಾಕು ಅನ್ನೋವರೆಗೂ.”

“ಇಲ್ದಿದ್ರೆ?”

“ನಾಣ್ಯ ಸರಿಯಾಗಿದೆ. ನಿಮ್ಮ ಕಣ್ಣು ಸರಿಯಿಲ್ಲ.”

ಮಾವ ಚೀಟಿಯನ್ನು ಅವನ ಕಡೆಗೆ ತಳ್ಳಿದರು. “ನಾನು ಬರೆದಾಯ್ತು.”

ಅವನು ಕಿರಿಯ ಪರೀಕ್ಷಕಿಯನ್ನು ಕರೆಸಿದ. ಏಳು ವರ್ಷದಿಂದ ಮಾವನ ಪಕ್ಕದಲ್ಲೇ ಕೂತು ಕೆಲಸ ಕಲಿತವಳು; ಅಂಚು ಹಿಡಿಯುವ ರೀತಿಯೂ ಥೇಟ್ ಅವರದೇ. ಅವಳು ದೀಪ ಎಳೆದುಕೊಂಡು ನಾಣ್ಯ ವಾಲಿಸಿದಳು. ಹಣೆಯಿಂದ ಕೆನ್ನೆಗೆ. ಅಲ್ಲಿ ಕೈ ತಡೆಯಿತು. ಹಿಂದಕ್ಕೆ ತಿರುಗಿಸಿ ಮತ್ತೆ ಅಲ್ಲಿಗೇ ತಂದಳು. ಕಂಡಿತು ಅವಳಿಗೆ. ಎಳ್ಳಷ್ಟೂ ಅನುಮಾನವಿಲ್ಲ, ಕಂಡಿತು.

“ಕೊನೆ ಅಂಕ ಇನ್ಮೇಲೆ ನಿಮ್ಮದೇ ಆಗಬಹುದು,” ಎಂದ ಮಾಲೀಕ, ಕಿಟಕಿಯ ಕಡೆ ನೋಡುತ್ತ. “ಯೋಚನೆ ಮಾಡಿ ಬರೀರಿ.”

ಅವಳು ಯೋಚನೆ ಮಾಡಿದಳು. ಅರವತ್ತೈದು ಎಂದು ಬರೆದಳು.

“ಏನು ಕಂಡ್ಯಮ್ಮ?”

“ಚೆನ್ನಾಗಿದೆ ಮಾವ,” ಎಂದಳು. ತಲೆ ಮಾತ್ರ ಎತ್ತಲಿಲ್ಲ.

ಅವರ ಕಣ್ಣೆದುರಿಗೇ ನಾಣ್ಯ ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂತು, ಅಂಚು ಬೆಸೆದು, ಅಂಕದ ಚೀಟಿ ಅಂಟಿಸಿಕೊಂಡಿತು.

ಮುಂದಿನ ಭಾನುವಾರ ಅಕ್ಕನ ಫೋನು ಬಂತು. ಮಾವ ಕನ್ನಡಕ ಹಣೆಗೇರಿಸಿ, ಮಾತ್ರೆಪಟ್ಟಿಯ ಬೆನ್ನಿನ ಮೇಲಿನ ಇರುವೆಯಂಥ ಅಕ್ಷರಗಳನ್ನು ಸರಾಗವಾಗಿ ಓದುತ್ತ ಕೂತಿದ್ದರು.

“ಡಾಕ್ಟರಿಗೆ ತೋರಿಸಿಕೊಂಡ್ಯೇನೋ? ಇವನಂತೂ ನೆಟ್ಟಗೆ ಊಟಾನೇ ಮಾಡ್ತಿಲ್ಲ. ಮಾವನ್ನ ಕೆಲಸದಿಂದ ಕಳಿಸೋ ಹಾಗಾಯ್ತಲ್ಲ ಅಂತ ಒಂದೇ ಕೊರಗು. ನನ್ನ ಹತ್ರ ನಿಜ ಹೇಳು, ಎಷ್ಟು ದಿನದಿಂದ ಕಾಣ್ತಿಲ್ಲ ನಿಂಗೆ?”

ಅಕ್ಕನಿಗೆ ಎಪ್ಪತ್ತೈದು. ಮಗನ ಜೊತೆಗೇ ಇದ್ದಾಳೆ. ಬೇರೆ ಮನೆಯಿಲ್ಲ, ಬೇರೆ ಮಗನೂ ಇಲ್ಲ.

“ಆರು ತಿಂಗಳಾಯ್ತೇನೋ ಅಕ್ಕ,” ಎಂದರು. “ಎಲ್ಲ ಮಂಜು ಮಂಜು.”

“ಮೊದಲೇ ಬಾಯಿಬಿಡಬಾರದಿತ್ತಾ? ನಿನ್ನ ಹಿಂದೆ ಎಷ್ಟು ತಪ್ಪು ತಿದ್ದಿದಾನೋ ಪಾಪ, ಒಂದು ದಿನಾನೂ ನನಗೆ ಹೇಳಲಿಲ್ಲ.”

“ಹೂಂ ಅಕ್ಕ,” ಎಂದರು ಮಾವ. “ಪಾಪ.”