ತಿರುಗದ ಬುಗುರಿ

ಡ್ರಮ್ಮಿನ ಸುತ್ತಳತೆಯನ್ನು ಮೂರು ಸಲ ಅಳೆದೆ. ಮೂರು ಸಲವೂ ಬೇರೆ ಬೇರೆ ಬಂತು. ಇಳಿಜಾರಿನಲ್ಲಿ ಟೇಪು ನಿಲ್ಲುತ್ತಲೇ ಇರಲಿಲ್ಲ. ನಾಲ್ಕು ಬೆರಳು ಆಚೆ ಜಾರಿದರೆ ಅಳತೆಯಲ್ಲಿ ಹತ್ತಿರ ಹತ್ತಿರ ಒಂದು ಗೇಣು ವ್ಯತ್ಯಾಸ. ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸೋಣವೇ ಅಂದುಕೊಂಡೆ. ಆಮೇಲೆ ನನ್ನ ಬಗ್ಗೆಯೇ ನಾಚಿಕೆಯಾಯಿತು.

ಕಾಂಕ್ರೀಟ್ ಸಾಗಿಸುವ ಮಿಕ್ಸರ್ ಲಾರಿಯನ್ನು ನೀವು ರಸ್ತೆಯಲ್ಲಿ ನೋಡಿರುತ್ತೀರಿ. ಬೆನ್ನ ಮೇಲೆ ಓರೆಯಾಗಿ ಮಲಗಿ ಸದಾ ತಿರುಗುತ್ತಿರುವ ಆ ದೊಡ್ಡ ಹೊಟ್ಟೆಯೇ ಡ್ರಮ್. ನಡುವೆ ಉಬ್ಬು, ಎರಡೂ ತುದಿಗೆ ಸಪೂರ. ಅದಕ್ಕೆ ಬಣ್ಣದ ವಿನೈಲ್ ಹಾಳೆ ಅಂಟಿಸಿ ಬುಗುರಿಯ ಹಾಗೆ ಮಾಡಿಕೊಡಿ ಅಂತ ಕಾಂಕ್ರೀಟ್ ಪ್ಲಾಂಟಿನ ಯಜಮಾನರು ಕೇಳಿದ್ದರು. ಸುತ್ತ ಕೆಂಪು, ಹಳದಿ, ಹಸಿರು ಪಟ್ಟೆ. ಲಾರಿ ಹೋಗುತ್ತಿದ್ದರೆ ರಸ್ತೆಯಲ್ಲಿ ದೊಡ್ಡದೊಂದು ಬುಗುರಿ ಆಡುತ್ತಾ ಹೋದ ಹಾಗೆ ಕಾಣಬೇಕಂತೆ. ಅಣ್ಣ ಫೋನಿನಲ್ಲಿ "ಆಗುತ್ತೆ ಸಾರ್, ಯಾಕಾಗಲ್ಲ" ಅಂದುಬಿಟ್ಟ. ಅಣ್ಣನಿಗೆ ಆಗದ ಕೆಲಸವೇ ಇಲ್ಲ, ಯಾಕೆಂದರೆ ಅವನು ಕೆಲಸ ಮಾಡುವುದು ಫೋನಿನಲ್ಲಿ.

ಗಾಡಿಗಳಿಗೆ ಸ್ಟಿಕ್ಕರ್, ನಂಬರ್ ಪ್ಲೇಟು ಮಾಡಿಕೊಡುವ ಅಂಗಡಿ ಅಣ್ಣನದು. ಕೌಂಟರಿನಲ್ಲಿ ಅತ್ತಿಗೆ. ನಾನು ಆರು ವರ್ಷದಿಂದ ಹಿಂದಿನ ಕೋಣೆಯಲ್ಲಿ ನಂಬರ್ ಪ್ಲೇಟಿನ ಟೇಬಲ್ಲಿನ ಮುಂದೆ ಕೂತಿದ್ದೇನೆ. ಎರಡು ವರ್ಷ ಸಂಜೆ ಕ್ಲಾಸಿಗೆ ಹೋಗಿ ವಿನೈಲ್ ಕೆಲಸ ಕಲಿತು ಸರ್ಟಿಫಿಕೇಟನ್ನೂ ತಂದಿದ್ದೆ. ಅತ್ತಿಗೆ ಅದಕ್ಕೆ ಚೌಕಟ್ಟು ಹಾಕಿಸಿ, ಗಿರಾಕಿಗಳಿಗೆ ಕಾಣುವ ಹಾಗೆ ನೇತುಹಾಕಿದ್ದರು. ಗಿರಾಕಿಗಳಿಗೆ ಸರ್ಟಿಫಿಕೇಟು, ನನಗೆ ಟೇಬಲ್ಲು.

"ನೋಡು ಪುಟ್ಟಿ," ಅಂದ ಅಣ್ಣ. ನನಗೆ ಮೂವತ್ತಾರು ವರ್ಷ. "ಈ ಲಾರಿ ನಿನ್ನ ಕೈಗೆ ಕೊಡ್ತೀನಿ. ಚೆನ್ನಾಗಿ ಬಂದ್ರೆ ಇನ್ಮೇಲೆ ದೊಡ್ಡ ಗಾಡಿ ಎಲ್ಲಾ ನಿಂದು. ಕೈಕೊಟ್ರೆ ಮತ್ತೆ ಪ್ಲೇಟು. ಆಮೇಲೆ ಸರ್ಟಿಫಿಕೇಟು ಗಿರ್ಟಿಫಿಕೇಟು ಅಂತ ನನ್ನ ತಲೆ ತಿನ್ಬೇಡ."

ಲಾರಿಯನ್ನು ನಮಗೆ ಬಿಟ್ಟುಕೊಟ್ಟಿದ್ದು ಶುಕ್ರವಾರ ಬೆಳಿಗ್ಗೆಯಿಂದ ಸೋಮವಾರ ಬೆಳಿಗ್ಗೆಯವರೆಗೆ. ದೊಡ್ಡ ಗಾಡಿಗಳ ಮೊದಲ ತೊಂದರೆಯೇ ಇದು, ಅವು ಎಂದೂ ಮನೆಯಲ್ಲಿರುವುದಿಲ್ಲ. ಜೊತೆಗೆ ಡ್ರೈವರ್ ಮಾಮನೂ ಬಂದ, ಯಾಕೆಂದರೆ ಡ್ರಮ್ಮನ್ನು ತಿರುಗಿಸಲು ಅವನೇ ಬೇಕು. ನರೆತ ಮೀಸೆಯ, ಎಡಗಿವಿ ಸ್ವಲ್ಪ ಮಂದವಾದ ಮನುಷ್ಯ. ನಾನು ಇಪ್ಪತ್ತೆರಡು ಪ್ರಶ್ನೆಗಳ ಪಟ್ಟಿ ಮಾಡಿಕೊಂಡಿದ್ದೆ. ದಿನಕ್ಕೆ ಎಷ್ಟು ಸಲ ತೊಳೆಯುತ್ತೀರಿ, ಯಾವ ನೀರಿನಲ್ಲಿ, ಒಳಗೆ ಮಾಲು ಇದ್ದಾಗ ಡ್ರಮ್ ಎಷ್ಟು ಬಿಸಿಯಾಗುತ್ತದೆ, ನೆರಳಿನಲ್ಲಿ ನಿಲ್ಲಿಸುತ್ತೀರಾ. ಹತ್ತನೆಯ ಪ್ರಶ್ನೆಗೆ ಅವನು ಕೈಮುಗಿದ.

"ನೀನೇನಮ್ಮಾ, ಲಾರಿಗೆ ಸಂಬಂಧ ನೋಡ್ತಿದ್ದೀಯಾ?"

ಉಳಿದ ಹನ್ನೆರಡನ್ನು ಕೇಳಲು ನನಗೆ ಧೈರ್ಯ ಬರಲಿಲ್ಲ. ಆ ಹನ್ನೆರಡರಲ್ಲೂ ಕೇಳಲೇಬೇಕಾದ ಪ್ರಶ್ನೆ ಇರಲಿಲ್ಲ ಅನ್ನುವುದು ಬೇರೆ ಮಾತು. ಲಾರಿಯ ಏಣಿಯ ಪಕ್ಕದ ಕೊಕ್ಕೆಯಲ್ಲಿ ಒಂದು ಸುತ್ತಿಗೆ ತೂಗುತ್ತಿತ್ತು, ಹಿಡಿ ಸವೆದು ನುಣುಪಾಗಿತ್ತು. ಹಾಳೆಗೆ ತಾಗಿ ಗೀರೀತು ಅಂತ ನಾನೇ ಅದಕ್ಕೆ ಬಟ್ಟೆ ಸುತ್ತಿ ಜೋಪಾನವಾಗಿ ಕ್ಯಾಬಿನ್ನಿನಲ್ಲಿ ಇಟ್ಟೆ.

ಶುಕ್ರವಾರವೆಲ್ಲ ಡ್ರಮ್ಮಿನ ಮೇಲೆ ಒಣಗಿ ಕಲ್ಲಾಗಿದ್ದ ಸಿಮೆಂಟನ್ನು ಕೆರೆಯುವುದರಲ್ಲೇ ಹೋಯಿತು. ಶನಿವಾರ ಬೆಳಿಗ್ಗೆ ಅಣ್ಣ ಬಂದು, "ಇಷ್ಟೊಂದು ಯೋಚನೆ ಯಾಕೆ, ಸೊಂಟಕ್ಕೆ ಬೆಲ್ಟ್ ಕಟ್ಟಿದ ಹಾಗೆ ಸುತ್ತೋದು ತಾನೆ" ಅಂತ ಕೆಂಪು ಹಾಳೆಯಿಂದ ಒಂದು ನೇರ ಪಟ್ಟಿ ಕತ್ತರಿಸಿ ತಾನೇ ಅಂಟಿಸಲು ಹತ್ತಿದ. ಅದು ಆಗದು ಅಂತ ನನಗೆ ಗೊತ್ತಿತ್ತು. ಸಂಜೆ ಕ್ಲಾಸಿನ ಮೇಷ್ಟರು ಒಂದು ಕಾಗದವನ್ನು ಕಡಲೆಕಾಯಿ ಪೊಟ್ಟಣದ ಹಾಗೆ ಸುತ್ತಿ, ತುದಿ ಕತ್ತರಿಸಿ, ಬಿಚ್ಚಿ ತೋರಿಸಿದ್ದರು: ಬಿಚ್ಚಿದಾಗ ಬರುವುದು ನೇರ ಪಟ್ಟಿಯಲ್ಲ, ಬೀಸಣಿಗೆಯ ಆಕಾರ. ಆದರೆ ಹೇಳಲಿಲ್ಲ. ಮೇಷ್ಟರು ಹೇಳಿದ್ದು ಕಾಗದಕ್ಕೆ ಮಾತ್ರವೇನೋ, ಲಾರಿಗೆ ಬೇರೆ ನಿಯಮವಿದ್ದರೆ? ಹೀಗೆ ನಾನು ಯೋಚಿಸುತ್ತಿರುವಾಗಲೇ ಪಟ್ಟಿ ಡ್ರಮ್ಮನ್ನು ಒಂದು ಸುತ್ತು ಹಾಕಿ, ಹೊರಟ ಜಾಗಕ್ಕೆ ಬಾರದೆ, ಹೊಟ್ಟೆಯ ಕಡೆಗೆ ಎರಡು ಗೇಣು ಜಾರಿ ಬಂತು.

"ಎಳೆದು ಕೂಡಿಸು," ಅಂದ ಅಣ್ಣ.

"ಎಳೆದ್ರೆ ಈಗ ಬರುತ್ತೆ ಅಣ್ಣಾ. ನಾಳೆ ಬಿಸಿಲು ಬಿದ್ದ ಕೂಡ್ಲೇ ಹಿಂದಕ್ಕೆ ಹೋಗುತ್ತೆ."

"ಮೊದಲೇ ಹೇಳೋಕೆ ಏನಾಗಿತ್ತು? ಬಾಯಲ್ಲಿ ಅಕ್ಕಿ ಹಾಕ್ಕೊಂಡಿದ್ಯಾ?"

ಅವನು ಪಟ್ಟಿಯನ್ನು ಕಿತ್ತು ಉಂಡೆ ಮಾಡಿ ಎಸೆದು, ಮತ್ತೆ ಫೋನಿಗೆ ಹೋದ. ಎಸೆದದ್ದು ಹತ್ತಿರ ಹತ್ತಿರ ಏಳು ಮೀಟರ್ ಕೆಂಪು. ನಾನು ಲೆಕ್ಕ ಹಾಕಿ ತರಿಸಿದ್ದ ಕೆಂಪು.

ಏಳು ಪಟ್ಟೆ. ಒಂದೊಂದಕ್ಕೂ ಬೀಸಣಿಗೆಯ ಹಾಗೆ ಬಾಗಿದ ನಾಲ್ಕು ತುಂಡು. ಒಟ್ಟು ಇಪ್ಪತ್ತೆಂಟು ಜೋಡಣೆ. ಒಂದು ತುಂಡು ಇಟ್ಟು, ಹೀಟ್ ಗನ್ನಿನಿಂದ ಬಿಸಿ ಮಾಡಿ, ಪ್ಲಾಸ್ಟಿಕ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ಗಾಳಿಯನ್ನು ತಳ್ಳಿ, ಕೈ ಎತ್ತಿ ಕೂಗಬೇಕು: "ಮಾಮಾ, ಒಂದು ಮೊಳ!" ಅವನು ಕ್ಯಾಬಿನ್ನಿನಲ್ಲಿ ಸನ್ನೆಕೋಲು ಸರಿಸುತ್ತಾನೆ. ಡ್ರಮ್ ಒಂದು ಮೊಳದ ಬದಲು ಒಂದೂವರೆ ಮೊಳ ತಿರುಗುತ್ತದೆ. "ಜಾಸ್ತಿ ಆಯ್ತು, ಹಿಂದೆ!" ಹಿಂದಕ್ಕೆ ಎರಡು ಮೊಳ.

"ಇದೇನು ಹೊಲಿಗೆ ಮಿಷಿನ್ನಾ ತಾಯಿ, ಹೇಳಿದಷ್ಟೇ ತಿರುಗೋಕೆ?"

ಜೋಡಣೆಯಲ್ಲಿ ಒಂದು ತುಂಡು ಇನ್ನೊಂದರ ಮೇಲೆ ಕೂದಲೆಳೆಯಷ್ಟು ಹತ್ತಬೇಕು. ಯಾವುದು ಮೇಲೆ, ಯಾವುದು ಕೆಳಗೆ? ಕಾರಿನಲ್ಲಾದರೆ ಸುಲಭ: ಎದುರು ಗಾಳಿಗೆ ಅಂಚು ಏಳದ ಹಾಗೆ ಹಾಕಿದರಾಯಿತು. ಡ್ರಮ್ ಮಾಲು ತುಂಬಿಕೊಂಡು ಬರುವಾಗ ಒಂದು ಕಡೆಗೆ ತಿರುಗುತ್ತದೆ, ಸುರಿಯುವಾಗ ಉಲ್ಟಾ. ಯಾವ ಕಡೆಗೆ ಹಾಕಿದರೂ ತಪ್ಪೇ. ಬರುವುದಕ್ಕೆ ಒಂದು ತಾಸು, ಸುರಿಯುವುದಕ್ಕೆ ಹತ್ತು ನಿಮಿಷ ಅಂತ ಮಾಮ ಹೇಳಿದ ಮೇಲೆ ತಾಸಿನ ಪರ ಹಾಕಿದೆ. ಹಾಕಿದ ಮೇಲೂ ಅನುಮಾನ. ಮೂರು ಜೋಡಣೆಗಳನ್ನು ಕಿತ್ತು, ಮತ್ತೆ ಹಾಗೆಯೇ ಹಾಕಿದೆ.

ಭಾನುವಾರ ಸಂಜೆ ಮುಗಿಯಿತು. ಅಂಗೈ ಆಡಿಸಿದರೂ ಜೋಡಣೆ ಸಿಕ್ಕುತ್ತಿರಲಿಲ್ಲ. ಪಟ್ಟೆಗಳು ಬಳೆ ತೊಡಿಸಿದ ಹಾಗೆ ನಿಂತಿದ್ದವು. ಅತ್ತಿಗೆ ಬಂದು ಸುತ್ತ ನಡೆದು, "ಬಣ್ಣ ಬಳಿದ ಹಾಗಿದೆ ಕಣೇ, ಅಂಟಿಸಿದ್ದು ಅಂತಲೇ ಗೊತ್ತಾಗಲ್ಲ" ಅಂದರು. ಆರು ವರ್ಷದಲ್ಲಿ ಮೊದಲ ಸಲ ನನ್ನ ಕೆಲಸ ನನಗೇ ಸರಿ ಅನ್ನಿಸಿತು.

ಸೋಮವಾರ ಬೆಳಿಗ್ಗೆ ಅಣ್ಣನೂ ನಾನೂ ಹೋದಾಗ ಪ್ಲಾಂಟಿನ ಅಂಗಳದಲ್ಲಿ ಯಜಮಾನರು ಕೈಕಟ್ಟಿ ನಿಂತಿದ್ದರು. ಮಾಮ ಡ್ರಮ್ ಚಾಲೂ ಮಾಡಿದ. ಘರ್ ಅಂತ ಸದ್ದಾಯಿತು. ಯಜಮಾನರು ನೋಡಿದರು. ನೋಡುತ್ತಲೇ ಇದ್ದರು.

"ಶುರು ಮಾಡಪ್ಪಾ," ಅಂದರು.

"ಆಗ್ಲೇ ತಿರುಗ್ತಿದೆ ಸಾರ್," ಅಂತ ಮಾಮ ಕ್ಯಾಬಿನ್ನಿನಿಂದ ಕೂಗಿದ.

"ಎಲ್ಲಿ ತಿರುಗ್ತಿದೆ?"

ನಾನೂ ನೋಡಿದೆ. ಪಟ್ಟೆಗಳು ನಿಂತಲ್ಲೇ ನಿಂತಿದ್ದವು. ಸುತ್ತಲೂ ಒಂದೇ ಅಗಲ, ಒಂದೇ ಬಣ್ಣ, ಎಲ್ಲೂ ಗುರುತಿಲ್ಲ, ಜೋಡಣೆಯಿಲ್ಲ. ಕಣ್ಣು ಹಿಡಿದುಕೊಳ್ಳಲು ಒಂದು ಚುಕ್ಕೆಯೂ ಇಲ್ಲ. ಕೆಂಪು ಹೋದ ಜಾಗಕ್ಕೆ ಅದೇ ಕೆಂಪು ಬರುತ್ತಿತ್ತು. ಮೊದಲು ಸಿಮೆಂಟಿನ ಕಲೆ ಮೆತ್ತಿಕೊಂಡಿದ್ದಾಗ ಡ್ರಮ್ ತಿರುಗುವುದು ಒಂದು ಮೈಲಿಯಿಂದ ಕಾಣುತ್ತಿತ್ತು. ಮೂರು ದಿನ ಬೆನ್ನು ಮುರಿದು, ನಾನು ಅದನ್ನು ನಿಲ್ಲಿಸಿದ್ದೆ.

"ನಾನು ಬುಗುರಿ ಕೇಳಿದ್ದು," ಅಂದರು ಯಜಮಾನರು. "ಇದು ಬಣ್ಣದ ಹಂಡೆ. ಭಾನುವಾರ ಕಿತ್ತುಬಿಡಿ. ಬಿಳಿ ಬಣ್ಣ ಹೊಡೆಸ್ತೀನಿ."

ವಾಪಸು ಬಂದು ಅಂಗಡಿಯ ಮುಂದೆ ಇಳಿದ ಮೇಲೆ ಅಣ್ಣ ಅಂದ: "ನನ್ನ ಸೊಟ್ಟ ಪಟ್ಟಿ ಬಿಟ್ಟಿದ್ರೆ ತಿರುಗೋದು ಕಾಣ್ತಿತ್ತು."

ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಆಗಲೇ, ಯಾಕೆಂದರೆ ಅವನು ಹೇಳಿದ್ದು ನಿಜ. ಸೊಟ್ಟ ಪಟ್ಟಿ ಏಳುತ್ತಾ ಬೀಳುತ್ತಾ ಹೋಗಿ ಎಲ್ಲರಿಗೂ ಕಾಣುತ್ತಿತ್ತು. ಸಂಜೆ ಕ್ಲಾಸಿನಲ್ಲಿ ನೇರವಾಗಿ ಅಂಟಿಸುವುದನ್ನು ಕಲಿಸಿದ್ದರು. ನೇರವಾಗಿ ಅಂಟಿಸಿದರೆ ಏನಾಗುತ್ತದೆ ಅಂತ ಕಲಿಸಿರಲಿಲ್ಲ. ಅಥವಾ ನಾನು ತಪ್ಪಿಸಿಕೊಂಡ ಯಾವುದೋ ಒಂದು ಸಂಜೆ ಕಲಿಸಿದ್ದರೇನೋ.

ಮಂಗಳವಾರ ನನ್ನ ಟೇಬಲ್ಲಿನ ಮೇಲೆ ಎಂಟು ನಂಬರ್ ಪ್ಲೇಟುಗಳು ಕಾದಿದ್ದವು. ಇಟ್ಟವನು ಅಣ್ಣ.

ಬುಧವಾರ ಮಧ್ಯಾಹ್ನ ಡ್ರೈವರ್ ಮಾಮ ಅಂಗಡಿಗೆ ಫೋನ್ ಮಾಡಿದ. ಅತ್ತಿಗೆ ಎತ್ತಿ, ಬಾಯಿಗೆ ಕೈ ಅಡ್ಡ ಇಟ್ಟು ನನಗೆ ಹೇಳಿದರು: "ಒಂಚೂರು ಕಿತ್ತಿದೆಯಂತೆ." ಒಂಚೂರು ಅನ್ನುವ ಮಾತನ್ನು ಯಾರು ಹೇಳಿದರೂ ನಾನು ನಂಬುವುದಿಲ್ಲ. ಭಾನುವಾರ ಹೇಗೂ ಕೀಳುವುದೇ, ಬಿಟ್ಟುಬಿಡಬಹುದಿತ್ತು. ಆದರೆ ಎದ್ದ ಅಂಚಿಗೆ ತೊಳೆಯುವ ನೀರು ನುಗ್ಗಿ ಪಟ್ಟೆ ಪೂರ್ತಿ ಬಿಚ್ಚಿ ಡ್ರಮ್ಮಿನ ಕೆಳಗಿನ ಉರುಳೆಗೆ ಸಿಕ್ಕಿಕೊಂಡರೆ? ಬ್ಲೇಡು, ಹೀಟ್ ಗನ್ನು, ಉಳಿದ ಚೂರುಗಳ ಚೀಲ ಹಿಡಿದು ಹೊರಟೆ.

ತೊಳೆಯುವ ಅಂಗಳದಲ್ಲಿ ಲಾರಿ ನಿಂತಿತ್ತು. ಹೊಟ್ಟೆಯ ನಡುವಿನ ಕೆಂಪು ಪಟ್ಟೆಯಲ್ಲಿ ಅಂಗೈ ಅಗಲದ ಜಾಗ ಚಿಂದಿಯಾಗಿ, ಒಳಗಿನ ಕಬ್ಬಿಣ ಕಾಣುತ್ತಿತ್ತು. ಮಾಮನ ಕೈಯಲ್ಲಿ ಸುತ್ತಿಗೆ. ನಾನು ಸುತ್ತಿದ್ದ ಬಟ್ಟೆ ಅವನ ಹೆಗಲ ಮೇಲಿತ್ತು.

"ಮಾಮಾ, ಇದೇನು ಮಾಡಿದ್ರಿ?"

"ಇನ್ನೇನು ಮಾಡ್ಲಿ? ಒಳಗೆ ಕಾಂಕ್ರೀಟು ಹಿಡ್ಕೊಂಡಿತ್ತು. ಹೊರಗಿಂದ ನಾಲ್ಕು ಬಿಗಿದ್ರೆ ಒಳಗೆ ಉದುರುತ್ತೆ. ಇಪ್ಪತ್ತು ವರ್ಷದಿಂದ ಹೊಡೀತಿದ್ದೀನಿ."

"ನನಗೆ ಹೇಳ್ಬಾರ್ದಿತ್ತಾ?"

"ನೀನು ಕೇಳಿದ್ಯಾ? ನೀರು ಎಂಥದ್ದು, ನೆರಳು ಎಂಥದ್ದು ಅಂತ ಕೇಳ್ದೆ. ಸುತ್ತಿಗೆಗೆ ಬಟ್ಟೆ ಉಡಿಸಿ ಮಲಗಿಸ್ದೆ. ಇದ್ಯಾತಕ್ಕೆ ಅಂತ ಕೇಳ್ದ್ಯಾ?"

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ಕುಂಬಾರ ಆ ದೊಣ್ಣೆಯನ್ನು ತಾನೇ ಒರೆಸಿ ಎತ್ತಿಟ್ಟಿದ್ದ ಅಂತ ಗಾದೆಯಲ್ಲಿಲ್ಲ.

ಚಿಂದಿಯನ್ನು ಕತ್ತರಿಸಿ ತೆಗೆದೆ. ಚೀಲದಲ್ಲಿ ಹುಡುಕಿದರೆ ಕೆಂಪು ಇಲ್ಲ. ಅಣ್ಣನ ಉಂಡೆಯಲ್ಲೇ ಮುಗಿದಿತ್ತು. ಇದ್ದದ್ದು ಹಳದಿ. ಬೇರೆ ದಿನವಾಗಿದ್ದರೆ ಅಂಗಡಿಗೆ ಹೋಗಿ ಹೊಸ ಕೆಂಪು ತರಿಸಿ, ಹಳೆಯ ಕೆಂಪಿಗೆ ಹೊಂದುತ್ತದೋ ಇಲ್ಲವೋ ಅಂತ ಬಿಸಿಲಿಗೆ ಹಿಡಿದು ನೋಡುತ್ತಿದ್ದೆ. ಅವತ್ತು ಸಾಕಾಗಿತ್ತು. ಹಳದಿಯಲ್ಲಿ ಒಂದು ತೇಪೆ ಕತ್ತರಿಸಿದೆ. ಮೂಲೆಗಳನ್ನು ಮಾತ್ರ ದುಂಡಗೆ ಮಾಡಿದೆ, ಚೂಪು ಮೂಲೆ ಬೇಗ ಏಳುತ್ತದೆ. ಅಳೆಯಲಿಲ್ಲ. ಹತ್ತು ನಿಮಿಷದ ಕೆಲಸ, ಸ್ವಲ್ಪ ಓರೆಯಾಗಿಯೂ ಕೂತಿತು.

"ತಿರುಗಿಸಿ ಮಾಮಾ, ಅಂಚು ನೋಡ್ತೀನಿ."

ಡ್ರಮ್ ಹೊರಳಿತು. ಹಳದಿ ತೇಪೆ ಮೇಲೇರಿ, ಆ ಕಡೆ ಮುಳುಗಿ, ಕೆಳಗಿನಿಂದ ಮತ್ತೆ ಹುಟ್ಟಿ ಬಂತು. ಅದರ ಜೊತೆಗೆ ಕೆಂಪು ತಿರುಗಿತು, ಕೆಂಪಿನ ಜೊತೆಗೆ ಹಸಿರು, ಅಷ್ಟೂ ಪಟ್ಟೆಗಳು ಒಟ್ಟಿಗೆ ಗಿರಗಿರ ತಿರುಗಿದವು. ಪೈಪು ಹಿಡಿದಿದ್ದ ತೊಳೆಯುವವನು ನೀರು ನಿಲ್ಲಿಸಿ ನೋಡಿದ. ತೂಕದ ಕೋಣೆಯಿಂದ ಯಜಮಾನರು ಹೊರಗೆ ಬಂದರು.

"ಇದೇ! ಇದನ್ನೇ ಅಲ್ವಾ ನಾನು ಕೇಳಿದ್ದು! ಏನಮ್ಮಾ ಮಾಡ್ದೆ?"

"ತೇಪೆ ಹಾಕ್ದೆ ಸಾರ್."

"ಕೀಳೋದು ಬೇಡ. ಉಳಿದ ಐದು ಲಾರಿಗೂ ಹೀಗೇ ಮಾಡು. ಈ ಮಚ್ಚೆ ಸಮೇತ."

ನನಗೆ ಖುಷಿಯಾಗಬೇಕಿತ್ತು. "ಸಾರ್, ಇದರಲ್ಲಿ ಇಪ್ಪತ್ತೆಂಟು ಜೋಡಣೆ ಇದೆ," ಅಂದೆ. "ಒಂದೇ ಒಂದು ತೋರಿಸಿ ನೋಡೋಣ."

ಅವರು ಬಗ್ಗಿ ನೋಡಿದರು. "ಒಂದೂ ಕಾಣಲ್ವಲ್ಲಮ್ಮಾ."

"ಅದೇ ಸಾರ್."

ಅವರಿಗೆ ಅರ್ಥವಾಗಲಿಲ್ಲ. ಮಾಮನಿಗೆ ಆಯಿತೇನೋ, ಮೀಸೆಯ ಅಡಿಯಲ್ಲಿ ನಕ್ಕ.

ಫೋನಿನಲ್ಲಿ ಅಣ್ಣ ಕುಣಿದಾಡಿದ. "ನಾನು ಹೇಳ್ಲಿಲ್ವಾ ಪುಟ್ಟಿ, ಆಗುತ್ತೆ ಅಂತ! ಐದೂ ನಿಂದೇ. ದೊಡ್ಡ ಗಾಡಿ ಎಲ್ಲಾ ಇನ್ಮೇಲೆ ನಿಂದೇ." ಮೂರು ದಿನದ ಕೆಲಸಕ್ಕೆ ಟೇಬಲ್ಲು, ಹತ್ತು ನಿಮಿಷದ ತೇಪೆಗೆ ಲಾರಿಗಳು. ಜಗಳವಾಡಲು ಯಾರ ಜುಟ್ಟು ಹಿಡಿಯಬೇಕೋ ತಿಳಿಯಲಿಲ್ಲ.

ಫೋನ್ ಅತ್ತಿಗೆಯ ಕೈಗೆ ಹೋಯಿತು. "ಅದಿರ್ಲಿ, ಎಂಟು ಪ್ಲೇಟು ಹಾಗೇ ಬಿದ್ದಿವೆ. ಯಾರೇ ಮಾಡೋದು?"

"ಅಣ್ಣನಿಗೆ ಕೊಡಿ ಅತ್ತಿಗೆ. ಫೋನಿನಲ್ಲೇ ಮಾಡ್ತಾನೆ."

ಆಮೇಲೆ ಚೀಲದಿಂದ ಸೀಮೆಸುಣ್ಣ ತೆಗೆದೆ. ಪಕ್ಕದಲ್ಲಿ ಎರಡನೆಯ ಲಾರಿ ಖಾಲಿ ನಿಂತಿತ್ತು.

"ಮಾಮಾ, ಎಲ್ಲೆಲ್ಲಿ ಹೊಡೀತೀರಿ ತೋರಿಸಿ."

ಅವನು ಸುತ್ತಿಗೆಯ ತುದಿಯಿಂದ ಮೆಲ್ಲಗೆ ತಟ್ಟಿ ತೋರಿಸಿದ. ಇಲ್ಲಿ, ಇಲ್ಲಿ, ಅಲ್ಲಿ ಕೆಳಗೆ. ಐದು ಕಡೆ. ಐದಕ್ಕೂ ಗುರುತು ಹಾಕಿದೆ.

"ಯಜಮಾನ್ರಿಗೆ ಒಂದು ಮಚ್ಚೆ ಸಾಕಾಗಿತ್ತಲ್ಲ?"

"ಒಂದು ಅವರಿಗೆ. ನಾಲ್ಕು ನಿಮಗೆ. ಮಚ್ಚೆಗಳ ಮೇಲೇ ಹೊಡೀರಿ. ಹರಿದಾಗ ಬಂದು ಬದಲಾಯಿಸ್ತೀನಿ. ಪಟ್ಟೆ ಮೇಲೆ ಹೊಡೆದ್ರೆ ಮಾತ್ರ ಸುಮ್ನಿರಲ್ಲ."

"ಆಯ್ತು ತಾಯಿ."

ಟೇಪಿನ ಒಂದು ತುದಿಯನ್ನು ಅವನ ಕೈಗೆ ಕೊಟ್ಟು ಸುತ್ತಳತೆ ಅಳೆದೆ. ಈ ಸಲ ಟೇಪು ಜಾರಲಿಲ್ಲ ಅನ್ನಿಸಿತು. ಬರೆದುಕೊಂಡೆ. ಅವನು ಟೇಪನ್ನು ಬಿಡಲು ಹೊರಟ.

"ಬಿಡ್ಬೇಡಿ," ಅಂದೆ. "ಇನ್ನೂ ಎರಡು ಸಲ ಇದೆ."