ಜೇಬಿನಿಂದ ಬರುವ ಕರೆ

"ಅಮ್ಮಾ, ಫೋನ್ ಆಫ್ ಮಾಡಿ," ಎಂದು ಗಗನಸಖಿ ಎರಡನೇ ಸಲ ಬಂದು ಹೇಳಿದಾಗ ಹುಲಿಯಮ್ಮ ಫೋನನ್ನು ಸೆರಗಿನೊಳಗೆ ಎಳೆದುಕೊಂಡಳು. ಆಗಷ್ಟೇ ಮೆಸೇಜು ಬಂದಿತ್ತು. ಯಸಳೂರು ಕಡೆಯವರ ಫೋನಿಗೆಲ್ಲ ಅರಣ್ಯ ಇಲಾಖೆಯಿಂದ ಬರುವಂಥದ್ದು: ಕುತ್ತಿಗೆಗೆ ರೇಡಿಯೋ ಕಾಲರ್ ಹಾಕಿದ ಒಂಟಿ ಸಲಗ ಎಸ್ಟೇಟಿನ ಕೆರೆ ಏರಿಯ ಹತ್ತಿರವಿದೆ, ಯಾರೂ ಓಡಾಡಬೇಡಿ. ಗಂಡ ವೀರಯ್ಯ ಕಾಫಿ ಸ್ಟೋರಿನ ಕೆಲಸ ಮುಗಿಸಿ ಕೂಲಿಯವರ ಲೈನ್ ಮನೆಗೆ ಹೊರಡುವ ಹೊತ್ತು ಅದೇ, ದಾರಿಯೂ ಅದೇ ಏರಿ. ಅವನಿಗೆ ಓದು ಬಾರದು. ಆನೆ ಬಂದಾಗಲೆಲ್ಲ ಹುಲಿಯಮ್ಮನೇ ಅವನ ಬಟನ್ ಫೋನಿಗೆ ಕರೆ ಮಾಡಿ ತಡೆಯುತ್ತಿದ್ದಳು.

ಇವತ್ತು ಅವನ ಫೋನು ಸ್ವಿಚ್ ಆಫ್.

ಆಫ್ ಆಗುವುದಿರಲಿ, ಸುಮ್ಮನಿರುವುದೇ ಗೊತ್ತಿರದ ಫೋನು ಅದು. ಅಂಗಿ ಜೇಬಿನಲ್ಲಿ ಯಾವುದೋ ಗುಂಡಿ ಒತ್ತಿಕೊಂಡು ಆಗಾಗ ತಾನಾಗಿಯೇ ಅವಳಿಗೆ ಕರೆ ಬರುತ್ತಿತ್ತು. ಎತ್ತಿದರೆ ಮಾತಿಲ್ಲ, ಚಪ್ಪಲಿ ಸದ್ದು, ಕೆಮ್ಮು, ನಾಯಿಗೆ ಬೈಯುವುದು. "ಈ ಮನುಷ್ಯನ ಜೇಬಿಗೂ ನನ್ನ ಬಿಟ್ರೆ ಗತಿ ಇಲ್ಲ," ಎಂದು ಗೊಣಗಿ ಕಟ್ ಮಾಡುತ್ತಿದ್ದಳು.

ಪಕ್ಕದ ಸೀಟಿನಲ್ಲಿ ಅಳಿಯ ಪ್ರದೀಪ್. ಮಗಳು ಮಧುಶ್ರೀಯ ಬಾಣಂತನಕ್ಕೆ ಅತ್ತೆಯನ್ನು ಮುಂಬೈಗೆ ವಿಮಾನದಲ್ಲೇ ಕರೆದೊಯ್ಯುತ್ತೇನೆಂದು ಜಂಬದಿಂದ ಬಂದಿದ್ದ. ಹಿಂದಿನ ದಿನ ಜಗುಲಿಯಲ್ಲಿ ಕೂತು, ವಿಮಾನದಲ್ಲಿ ಫೋನ್ ರಿಂಗಾದರೆ ಪೈಲಟ್ ಕಿವಿಯಲ್ಲಿ ಗರಗರ ಅನ್ನುತ್ತೆ, ದಾರಿಯೇ ತಪ್ಪಬಹುದು ಎಂದು ಭಾಷಣ ಬಿಗಿದವನೂ ಅವನೇ. ವೀರಯ್ಯ ಮೂಲೆಯಲ್ಲಿ ಬೀಡಿ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಆಫ್ ಮಾಡ್ದಿದ್ರೆ ವಿಮಾನ ಬೀಳ್ತದಾ ಅಳಿಯಂದ್ರೆ?"

"ಬೀಳಲ್ಲ ಅತ್ತೆ."

"ಮತ್ಯಾಕೆ ಆಫ್ ಮಾಡ್ಬೇಕು?"

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅಂತ."

"ಆನೆ ಕೊರಳಲ್ಲೂ ಫೋನಿನಂಥದ್ದೇ ಐತಲ್ಲ. ಅದ್ನ ಯಾರು ಆಫ್ ಮಾಡಿಸ್ತಾರೆ?"

ಪ್ರದೀಪ್ ಸೀಟ್ ಬೆಲ್ಟ್ ಸರಿ ಮಾಡಿಕೊಂಡ.

ನೆರೆಮನೆಯ ಸರೋಜಮ್ಮನಿಗೆ ಕರೆ ಮಾಡಿದಳು, ಎತ್ತಲಿಲ್ಲ. ಅಷ್ಟರಲ್ಲಿ ವಿಮಾನ ಏರಿಬಿಟ್ಟಿತ್ತು. ಈಗಲಾದರೂ ಯಾರಾದರೂ ಮಾಡಿಯಾರೆಂದು ಫೋನನ್ನು ಹಾಗೇ ಇಟ್ಟುಕೊಂಡಳು. ಮೋಡದೊಳಗೆ ವಿಮಾನ ಘಾಟಿಯ ಬಸ್ಸಿನ ಹಾಗೆ ಅಲ್ಲಾಡತೊಡಗಿತು. ಮುಂದಿನ ಸೀಟಿನಲ್ಲಿ ಕೂಸೊಂದು ಅತ್ತಿತು. ಇದು ತನ್ನ ಫೋನಿನಿಂದಲೇ ಆಯಿತೆಂದುಕೊಂಡಳು ಹುಲಿಯಮ್ಮ. ಗಂಡನನ್ನು ತಾನೇ ಆನೆ ಕಾಲಿಗೆ ಕೊಟ್ಟೆನೆಂದು ಅನ್ನಿಸಿದರೂ ಗುಂಡಿ ಒತ್ತಿ ಆಫ್ ಮಾಡಿದಳು.

ಅಲ್ಲಾಟ ನಿಲ್ಲಲಿಲ್ಲ. ಹಾಗಾದರೆ ಅಳಿಯ ಹೇಳಿದ್ದರಲ್ಲಿ ಯಾವುದು ನಿಜ? ಅವಳಿಗೆ ತಲೆಬುಡ ತಿಳಿಯಲಿಲ್ಲ.

ಮುಂಬೈಯಲ್ಲಿ ಇಳಿದ ಕೂಡಲೇ ಫೋನ್ ಆನ್ ಮಾಡಿ ಮತ್ತೆ ಕರೆ ಮಾಡಿದಳು. ಸರೋಜಮ್ಮ ಎತ್ತಿದಳು. "ನಿನ್ ಗಂಡ ಇಲ್ಲೇ ಅವ್ನೆ, ತಡಿ ಕೊಡ್ತೀನಿ."

"ಎಲ್ಲಿ ಹಾಳಾಗೋಗಿದ್ರಿ? ಫೋನ್ ಯಾಕೆ ಆಫ್ ಮಾಡ್ಬುಟ್ರಿ?" ಹುಲಿಯಮ್ಮನಿಗೆ ಅಳು ಬಂತು.

"ಜೇಬಲ್ಲಿರೋದು ತಾನಾಗೇ ನಿಂಗೆ ಬಂದ್ಬುಡ್ತದಲ್ಲ. ಪೈಲಟ್ ಕಿವೀಲಿ ಗರಗರ ಅಂದು ಏನಾರ ಆದ್ರೆ? ವಿಮಾನದ ಹೊತ್ತಾಯ್ತು ಅಂತ ಆಫ್ ಮಾಡ್ದೆ."

"ಆನೆ?"

"ಏರಿ ಮೇಲೇ ಎದುರಾಗ್ಬುಡ್ತು. ಪಂಪ್ ಶೆಡ್ ಹತ್ತಿ ಕೂತ್ಕಂಡೆ. ಕತ್ಲಾಗೋ ಗಂಟ ಕೆಳಗೇ ನಿಂತಿತ್ತು ಕಣೆ. ಈಗ ಇಳ್ದು ಬಂದೆ."

"ಫೋನ್ ಜೇಬಲ್ಲೇ ಇತ್ತಲ್ಲ! ಆನ್ ಮಾಡಿ ಯಾರ್ನಾರ ಕರೀಬಾರ್ದಾ?"

"ನೀನಿನ್ನೂ ಮ್ಯಾಲೇ ಇದ್ಯಲ್ಲೇ." ವೀರಯ್ಯ ಕೇಳಿದ, "ಈಗ ಆನ್ ಮಾಡ್ಲಾ?"

"ಹೂಂ," ಎಂದಳು.

ಲಗೇಜಿಗೆ ಕಾಯುತ್ತ ನಿಂತಿದ್ದಾಗ ಫೋನ್ ರಿಂಗಾಯಿತು. ಎತ್ತಿದರೆ ಮಾತಿಲ್ಲ, ಚಪ್ಪಲಿ ಸದ್ದು, ಒಂದು ಕೆಮ್ಮು.

"ಯಾರು ಅತ್ತೆ?" ಪ್ರದೀಪ್ ಕೇಳಿದ.

ಅವಳು ಕೈಸನ್ನೆಯಲ್ಲೇ ಅವನನ್ನು ಸುಮ್ಮನಾಗಿಸಿ, ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಅವಳ ಬ್ಯಾಗು ಬೆಲ್ಟಿನ ಮೇಲೆ ಎದುರಿಗೇ ಬಂದು, ಹಾಗೇ ಮುಂದಕ್ಕೆ ಹೋಯಿತು.